890 ಇದ್ದರೆ ಭಾರತದ್ದು, 690 ಇದ್ದರೆ ಚೀನಾದ್ದು: ಬಾರ್‌ಕೋಡ್ ಬಗ್ಗೆ ಬರುವ ಈ ಮೆಸೇಜ್ ನಿಜವೇ?

"ಸಾಮಾನು ಕೊಳ್ಳುವ ಮುನ್ನ ಬಾರ್‌ಕೋಡ್ ನೋಡಿ. ಮೊದಲ ಮೂರು ಅಂಕಿ 890 ಆಗಿದ್ದರೆ ಅದು ಭಾರತದಲ್ಲಿ ತಯಾರಾದ ವಸ್ತು. 690ರಿಂದ 699ರವರೆಗೆ ಇದ್ದರೆ ಚೀನಾದ ಮಾಲು. ನಿಮ್ಮ ಎಲ್ಲ ಗ್ರೂಪ್‌ಗಳಿಗೂ ಕಳುಹಿಸಿ." ಇಂಥ ಮೆಸೇಜ್ ವಾಟ್ಸ್‌ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. ಕೆಲವು ವರ್ಷಗಳಿಂದ ಇದು ಮತ್ತೆ ಮತ್ತೆ ಸುತ್ತುತ್ತಲೇ ಇದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಮೆಸೇಜ್‌ನಲ್ಲಿರುವ ಅಂಕಿಗಳು ಸರಿ, ಅವಕ್ಕೆ ಕೊಟ್ಟಿರುವ ಅರ್ಥ ತಪ್ಪು. ಬಾರ್‌ಕೋಡ್ ನೋಡಿ ವಸ್ತು ಎಲ್ಲಿ ತಯಾರಾಯಿತು ಎಂದು ಹೇಳಲು ಸಾಧ್ಯವಿಲ್ಲ. ಬಿಸ್ಕತ್ತಿನ ವಿಷಯದಲ್ಲಿ ಈ ತಪ್ಪಿನಿಂದ ದೊಡ್ಡ ನಷ್ಟವೇನೂ ಇಲ್ಲ. ಔಷಧಿಯ ವಿಷಯದಲ್ಲಿ ಇದೇ ತಪ್ಪು ಅಪಾಯಕ್ಕೆ ದಾರಿಯಾಗಬಹುದು. ಹೇಗೆ ಎಂದು ನೋಡೋಣ.

ಆ ಮೂರು ಅಂಕಿಗಳು ಬಂದಿದ್ದು ಎಲ್ಲಿಂದ?

ಜಗತ್ತಿನಾದ್ಯಂತ ಬಾರ್‌ಕೋಡ್ ಸಂಖ್ಯೆಗಳ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಜಿಎಸ್1 ಎಂಬ ಲಾಭರಹಿತ ಸಂಸ್ಥೆ. ನೂರಕ್ಕೂ ಹೆಚ್ಚು ದೇಶಗಳಲ್ಲಿ ಇದರ ಅಂಗಸಂಸ್ಥೆಗಳಿವೆ. ತನ್ನ ವಸ್ತುವಿಗೆ ಬಾರ್‌ಕೋಡ್ ಬೇಕಾದ ಕಂಪನಿ ಇವುಗಳಲ್ಲಿ ಒಂದರ ಬಳಿ ಹೋಗಿ ಹೆಸರು ನೋಂದಾಯಿಸಿ, ಸಂಖ್ಯೆ ಪಡೆಯುತ್ತದೆ. ಭಾರತದ ಅಂಗಸಂಸ್ಥೆ ಕೊಡುವ ಸಂಖ್ಯೆಗಳು 890ರಿಂದ ಶುರುವಾಗುತ್ತವೆ. ಚೀನಾದಲ್ಲಿ ಪಡೆದವು ಹೆಚ್ಚಾಗಿ 690ರಿಂದ 699ರೊಳಗೆ, ತೈವಾನ್‌ನಲ್ಲಿ ಪಡೆದವು 471ರಿಂದ, ಶ್ರೀಲಂಕಾದಲ್ಲಿ ಪಡೆದವು 479ರಿಂದ.

ಅಂದರೆ ಮೊದಲ ಮೂರು ಅಂಕಿಗಳು ತಿಳಿಸುವುದು ಇಷ್ಟೇ: ಕಂಪನಿ ಈ ಸಂಖ್ಯೆಯನ್ನು ಯಾವ ದೇಶದ ಅಂಗಸಂಸ್ಥೆಯಿಂದ ಪಡೆಯಿತು ಎಂಬುದು.

ವಾಹನಗಳ ನಂಬರ್ ಪ್ಲೇಟ್ ನೆನಪಿಸಿಕೊಳ್ಳಿ. ಕಾರಿನ ಮೇಲೆ 'ಕೆಎ' ಎಂದಿದ್ದರೆ ಅದು ಕರ್ನಾಟಕದಲ್ಲಿ ನೋಂದಣಿಯಾಗಿದೆ ಎಂದರ್ಥ. ಆ ಕಾರು ಚೆನ್ನೈನಲ್ಲೋ ಪುಣೆಯಲ್ಲೋ ತಯಾರಾಗಿರಬಹುದು. ಬಾರ್‌ಕೋಡ್‌ನ 890 ಕೂಡ ಹಾಗೆಯೇ.

ಭಾರತದ ಕಂಪನಿಯೊಂದು ಚೀನಾದಲ್ಲಿ ಆಟಿಕೆ ಮಾಡಿಸಿ ತನ್ನ ಹೆಸರಿನಲ್ಲಿ ಇಲ್ಲಿ ಮಾರಿದರೆ ಅದರ ಮೇಲೆ 890 ಇರಬಹುದು. ಇದಕ್ಕೆ ಉಲ್ಟಾ ಉದಾಹರಣೆ ನಮ್ಮ ಕೋಲಾರದಲ್ಲೇ ಇದೆ. ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುತ್ತಾರೆ. ಆದರೆ ಅದರ ಪೆಟ್ಟಿಗೆಯ ಮೇಲೆ ಇರುವುದು ಅಮೆರಿಕದ ಕಂಪನಿ ಅಮೆರಿಕದಲ್ಲಿ ಪಡೆದ ಸಂಖ್ಯೆ. ಫಾರ್ವರ್ಡ್ ನಂಬಿದರೆ ಕೋಲಾರದ ಕಾರ್ಮಿಕರು ಜೋಡಿಸಿದ ಫೋನ್ ಅಮೆರಿಕದ್ದಾಗಿಬಿಡುತ್ತದೆ!

ನಿಜ ಹೇಳಬೇಕೆಂದರೆ ಅಂಥ ಫೋನ್‌ಗೆ 'ಒಂದೇ ಊರು' ಎಂಬುದೇ ಇಲ್ಲ. ವಿನ್ಯಾಸ ಒಂದು ದೇಶದ್ದು, ಚಿಪ್ ಇನ್ನೊಂದು ದೇಶದ್ದು, ಪರದೆ ಮತ್ತೊಂದರದ್ದು, ಜೋಡಣೆ ಮಗದೊಂದರದ್ದು. ಕಚ್ಚಾವಸ್ತುವಿನಿಂದ ಹಿಡಿದು ನಿಮ್ಮ ಕೈಗೆ ಬರುವವರೆಗಿನ ಈ ಪಯಣವನ್ನೇ ಪೂರೈಕೆ ಸರಪಳಿ ಎನ್ನುತ್ತಾರೆ. ಅದನ್ನೆಲ್ಲ ಮೂರು ಅಂಕಿಗಳಲ್ಲಿ ಹಿಡಿದಿಡಲು ಆಗುವುದಿಲ್ಲ.

ಮನೆಯಲ್ಲೇ ಪರೀಕ್ಷಿಸಿ

ನಮ್ಮ ಮಾತನ್ನೂ ಸುಮ್ಮನೆ ನಂಬಬೇಡಿ. ಮನೆಯಲ್ಲಿರುವ ಯಾವುದಾದರೂ ಹೊಸ ಕನ್ನಡ ಪುಸ್ತಕದ ಹಿಂಬದಿ ನೋಡಿ. ಬಾರ್‌ಕೋಡ್ ಇದ್ದರೆ ಸಾಮಾನ್ಯವಾಗಿ ಅದು 978ರಿಂದ ಶುರುವಾಗುತ್ತದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಅಚ್ಚಾದ ಪುಸ್ತಕಕ್ಕೆ 890 ಏಕಿಲ್ಲ? ಏಕೆಂದರೆ 978 ಯಾವ ದೇಶಕ್ಕೂ ಸೇರಿದ್ದಲ್ಲ, ಜಗತ್ತಿನ ಪುಸ್ತಕಗಳಿಗಾಗಿ ಮೀಸಲಿಟ್ಟ ಸಂಖ್ಯೆ. ಅದರ ನಂತರ ಬರುವ 81 ಅಥವಾ 93 ಎಂಬುದು ಭಾರತದ ಪ್ರಕಾಶಕರಿಗೆ ಕೊಟ್ಟ ಗುರುತು.

ಸೂಪರ್‌ಮಾರ್ಕೆಟ್‌ನಲ್ಲಿ ತರಕಾರಿ ತೂಗಿ ಅಂಟಿಸುವ ಚೀಟಿಯ ಮೇಲೆ 2ರಿಂದ ಶುರುವಾಗುವ ಸಂಖ್ಯೆ ಇರುವುದುಂಟು. ಅದು ಅಂಗಡಿಯವರು ತಮ್ಮೊಳಗಿನ ಬಳಕೆಗೆ ಇಟ್ಟುಕೊಳ್ಳುವ ಸಂಖ್ಯೆ. ಅದಕ್ಕೂ ದೇಶಕ್ಕೂ ಸಂಬಂಧವೇ ಇಲ್ಲ.

ಉಳಿದ ಅಂಕಿಗಳು ಏನು ಹೇಳುತ್ತವೆ?

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಬಾರ್‌ಕೋಡ್‌ನಲ್ಲಿ 13 ಅಂಕಿಗಳಿರುತ್ತವೆ. ಮೊದಲ ಮೂರರ ನಂತರದ ಅಂಕಿಗಳು ಕಂಪನಿಯನ್ನೂ ವಸ್ತುವನ್ನೂ ಸೂಚಿಸುತ್ತವೆ. ಕೊನೆಯ ಅಂಕಿ ಲೆಕ್ಕ ತಾಳೆ ನೋಡಲು.

ಉದಾಹರಣೆಗೆ 8901234567890 ಎಂಬ ಸಂಖ್ಯೆ ತೆಗೆದುಕೊಳ್ಳಿ. ಕೊನೆಯ ಅಂಕಿ ಬಿಟ್ಟು 1, 3, 5, 7, 9, 11ನೇ ಸ್ಥಾನದ ಅಂಕಿಗಳನ್ನು ಕೂಡಿದರೆ 28. ಉಳಿದ ಆರು ಅಂಕಿಗಳನ್ನು ಕೂಡಿದರೆ 34, ಅದನ್ನು ಮೂರರಿಂದ ಗುಣಿಸಿದರೆ 102. ಎರಡೂ ಸೇರಿ 130. ಇದು ಹತ್ತರಿಂದ ಸರಿಯಾಗಿ ಭಾಗವಾಗುವುದರಿಂದ ಕೊನೆಯ ಅಂಕಿ 0. ಮೊತ್ತ 127 ಬಂದಿದ್ದರೆ, 130 ಮುಟ್ಟಲು ಬೇಕಾದ 3 ಕೊನೆಯ ಅಂಕಿಯಾಗುತ್ತಿತ್ತು. ಸ್ಕ್ಯಾನರ್ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ಈ ಲೆಕ್ಕ ತಪ್ಪುತ್ತದೆ, ಬಿಲ್ ಆಗುವುದಿಲ್ಲ. ಮನೆಯ ಮಕ್ಕಳಿಗೆ ಸೋಪಿನ ಪೆಟ್ಟಿಗೆ ಕೊಟ್ಟು ಈ ಲೆಕ್ಕ ಮಾಡಿಸಿ, ಖುಷಿಪಡುತ್ತಾರೆ.

ಬಾರ್‌ಕೋಡ್ ಹುಟ್ಟಿದ್ದೇ ಬಿಲ್ ಬೇಗ ಆಗಲಿ ಎಂದು. ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಅವರಿಗೆ ಇದರ ಪೇಟೆಂಟ್ 1952ರಲ್ಲಿ ಸಿಕ್ಕಿತು. ಈಗ ನಾವು ಬಳಸುವ ಮಾದರಿಯ ಬಾರ್‌ಕೋಡ್ ಅಂಗಡಿಯಲ್ಲಿ ಮೊದಲು ಸ್ಕ್ಯಾನ್ ಆಗಿದ್ದು 1974ರ ಜೂನ್ 26ರಂದು, ಓಹಿಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ವಸ್ತು, ಒಂದು ಚೂಯಿಂಗ್ ಗಮ್ ಪ್ಯಾಕ್.

ಬಾರ್‌ಕೋಡ್‌ಗೆ ಗೊತ್ತಿಲ್ಲದ ಸಂಗತಿ

ಬೀದರಿನ ಅಂಗಡಿಯಲ್ಲಿರುವ ಒಂದು ಬಿಸ್ಕತ್ ಪ್ಯಾಕೆಟ್ಟಿಗೂ ಚಾಮರಾಜನಗರದಲ್ಲಿರುವ ಅದೇ ಕಂಪನಿಯ ಅದೇ ತೂಕದ ಪ್ಯಾಕೆಟ್ಟಿಗೂ ಬಾರ್‌ಕೋಡ್ ಒಂದೇ. ಒಂದು ನಿನ್ನೆ ತಯಾರಾಗಿರಬಹುದು, ಇನ್ನೊಂದು ಆರು ತಿಂಗಳ ಹಿಂದೆ. ಇದು ಯಾವ ವಸ್ತು ಎಂದು ಬಾರ್‌ಕೋಡ್‌ಗೆ ಗೊತ್ತು. ಯಾವ ಬ್ಯಾಚ್, ಯಾವ ಕಾರ್ಖಾನೆ, ಯಾವಾಗ ಹಾಳಾಗುತ್ತದೆ ಎಂಬುದು ಗೊತ್ತಿಲ್ಲ.

ಇದರಿಂದ ಆಗುವ ತೊಂದರೆಗೆ ಅಮೆರಿಕದ ಒಂದು ಉದಾಹರಣೆ ನೋಡಿ. ಅಲ್ಲಿ ರೊಮೇನ್ ಎಂಬ ಲೆಟಿಸ್ ಸೊಪ್ಪನ್ನು ಹಸಿಯಾಗಿಯೇ ತಿನ್ನುತ್ತಾರೆ. 2018ರ ನವೆಂಬರ್‌ನಲ್ಲಿ ಆ ಸೊಪ್ಪಿನಿಂದ ಇ. ಕೋಲಿ ಸೋಂಕು ಹರಡುತ್ತಿರುವುದು ಪತ್ತೆಯಾಯಿತು. ಕೆಟ್ಟ ಸೊಪ್ಪು ಯಾವ ಹೊಲದಿಂದ ಬಂತು ಎಂದು ತಕ್ಷಣ ಹೇಳಲು ಆಗಲಿಲ್ಲ. ಹಾಗಾಗಿ ನವೆಂಬರ್ 20ರಂದು ಆರೋಗ್ಯ ಇಲಾಖೆಯವರು ಇಡೀ ದೇಶಕ್ಕೆ ಸೂಚನೆ ಕೊಟ್ಟರು: ರೊಮೇನ್ ಸೊಪ್ಪು ಯಾವುದೇ ಇರಲಿ, ತಿನ್ನಬೇಡಿ, ಮಾರಬೇಡಿ. ಕ್ಯಾಲಿಫೋರ್ನಿಯಾದ ಕೆಲವು ಪ್ರದೇಶಗಳ ಮೇಲೆ ಅನುಮಾನ ಕೇಂದ್ರೀಕರಿಸಲು ಸುಮಾರು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಒಳ್ಳೆಯ ಸೊಪ್ಪು ಬೆಳೆದ ರೈತರ ಬೆಳೆಯೂ ಕಸದ ಬುಟ್ಟಿಗೆ ಹೋಯಿತು.

ಅಲ್ಲಿನ ವಾಲ್‌ಮಾರ್ಟ್ ಕಂಪನಿ ಇದೇ ಸಮಸ್ಯೆಯನ್ನು ಒಂದು ಪರೀಕ್ಷೆ ಮಾಡಿ ತಿಳಿದುಕೊಂಡಿತ್ತು. ಹೆಚ್ಚಿದ ಮಾವಿನ ಹಣ್ಣಿನ ಒಂದು ಪ್ಯಾಕ್ ಯಾವ ತೋಟದ್ದು ಎಂದು ಹುಡುಕಲು ಹಳೆಯ ಕ್ರಮದಲ್ಲಿ ಸುಮಾರು 7 ದಿನ ಬೇಕಾಯಿತು. ತೋಟ, ಪ್ಯಾಕಿಂಗ್ ಘಟಕ, ಗೋದಾಮು, ಅಂಗಡಿ, ಎಲ್ಲರೂ ಒಂದೇ ಡಿಜಿಟಲ್ ಲೆಕ್ಕದ ಪುಸ್ತಕದಲ್ಲಿ ದಾಖಲೆ ಇಟ್ಟಾಗ 2.2 ಸೆಕೆಂಡಿನಲ್ಲಿ ಉತ್ತರ ಸಿಕ್ಕಿತು. ಒಮ್ಮೆ ಬರೆದದ್ದನ್ನು ಗುಟ್ಟಾಗಿ ತಿದ್ದಲು ಆಗದಂಥ ಈ ಪುಸ್ತಕಕ್ಕೆ ಬ್ಲಾಕ್‌ಚೈನ್ ಎನ್ನುತ್ತಾರೆ. ಆದರೆ ಬರೆಯುವವರು ಮೊದಲೇ ಸುಳ್ಳು ಬರೆದರೆ ಅದು ಸುಳ್ಳಾಗಿಯೇ ಉಳಿಯುತ್ತದೆ ಎಂಬುದನ್ನೂ ಮರೆಯಬಾರದು.

ಔಷಧಿಯ ಮೇಲೆ ಕ್ಯೂಆರ್ ಕೋಡ್

ಹಾಲು, ಹಣ್ಣಿಗಿಂತ ಹೆಚ್ಚಾಗಿ ಇದು ಮುಖ್ಯವಾಗುವುದು ಔಷಧಿಗೆ. ನಕಲಿ ಔಷಧಿ ಮಾಡುವವನು ಅಸಲಿಯ ಪೆಟ್ಟಿಗೆಯನ್ನೇ ನಕಲು ಮಾಡುತ್ತಾನೆ. ಪೆಟ್ಟಿಗೆಯ ಜೊತೆಗೆ 890 ಕೂಡ ಅಚ್ಚಾಗುತ್ತದೆ. '890 ಇದೆ, ನಂಬಬಹುದು' ಎಂದುಕೊಂಡವರು ಮೋಸ ಹೋಗುವುದು ಇಲ್ಲೇ.

1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯ ಮಸಾಹಿರೊ ಹಾರಾ ಮತ್ತು ಅವರ ತಂಡ ಕ್ಯೂಆರ್ ಕೋಡ್ ರೂಪಿಸಿತು. ಉದ್ದೇಶ, ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದು. ಗೆರೆಗಳ ಬಾರ್‌ಕೋಡ್‌ಗಿಂತ ಬಹಳ ಹೆಚ್ಚು ಮಾಹಿತಿ ಅದರಲ್ಲಿ ಹಿಡಿಯುತ್ತದೆ. ಭಾರತ ಸರ್ಕಾರ 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಔಷಧಿಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದೆ. ಔಷಧಿಯ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಪರವಾನಗಿ ಸಂಖ್ಯೆ, ಇವೆಲ್ಲ ಅದರಲ್ಲಿ ಇರಬೇಕು. ಯುರೋಪಿನಲ್ಲಿ 2019ರ ಫೆಬ್ರವರಿಯಿಂದ ವೈದ್ಯರ ಚೀಟಿ ಬೇಕಾಗುವ ಬಹುತೇಕ ಔಷಧಿಗಳ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಸಂಖ್ಯೆ ಇದೆ.

2027ರ ಕೊನೆಯೊಳಗೆ ಜಗತ್ತಿನ ಅಂಗಡಿಗಳ ಬಿಲ್ಲಿಂಗ್ ಕೌಂಟರ್‌ಗಳು ಕ್ಯೂಆರ್‌ನಂಥ ಕೋಡ್‌ಗಳನ್ನೂ ಓದುವಂತಾಗಬೇಕು ಎಂಬುದು ಜಿಎಸ್1 ಇಟ್ಟುಕೊಂಡ ಗುರಿ. ಕೋಡ್‌ನಲ್ಲೇ ಅವಧಿಯ ದಿನಾಂಕವಿದ್ದರೆ, ಅವಧಿ ಮುಗಿದ ಮೊಸರು ಕೌಂಟರ್‌ನಲ್ಲೇ ಸಿಕ್ಕಿಬೀಳುತ್ತದೆ.

ಹಾಗಾದರೆ ನಾವು ಏನು ನೋಡಬೇಕು?

• ಎಲ್ಲಿ ತಯಾರಾಯಿತು ಎಂದು ತಿಳಿಯಲು ಪ್ಯಾಕ್ ಮೇಲಿನ ಅಕ್ಷರ ಓದಿ. ಹೊರದೇಶದಿಂದ ತಂದ ಪ್ಯಾಕ್ ಮೇಲೆ ದೇಶದ ಹೆಸರು, ಆಮದು ಮಾಡಿದವರ ಹೆಸರು ಮತ್ತು ವಿಳಾಸ ಇರಬೇಕು ಎಂದು ನಮ್ಮ ಕಾನೂನೇ ಹೇಳುತ್ತದೆ.

• ಔಷಧಿಯ ಮೇಲೆ ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ. ಫೋನಿನಲ್ಲಿ ಕಾಣುವ ಬ್ಯಾಚ್ ಸಂಖ್ಯೆ ಮತ್ತು ಅವಧಿಯನ್ನು ಪ್ಯಾಕ್ ಮೇಲೆ ಅಚ್ಚಾಗಿರುವುದರ ಜೊತೆ ತಾಳೆ ನೋಡಿ. ಎರಡೂ ಬೇರೆ ಇದ್ದರೆ ಬಳಸಬೇಡಿ, ಅಂಗಡಿಯವರಿಗೂ ವೈದ್ಯರಿಗೂ ತೋರಿಸಿ.

• ಕೋಡ್ ಇದೆ ಎಂದ ಮಾತ್ರಕ್ಕೆ ಅಸಲಿ ಎಂದುಕೊಳ್ಳಬೇಡಿ, ಅದನ್ನೂ ನಕಲು ಮಾಡಬಹುದು. ಕೋಡ್ ಇಲ್ಲ ಎಂದ ಮಾತ್ರಕ್ಕೆ ನಕಲಿಯೂ ಅಲ್ಲ, ಎಲ್ಲ ಔಷಧಿಗಳಿಗೂ ಅದು ಕಡ್ಡಾಯವಿಲ್ಲ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ, ಬಿಲ್ ಇಟ್ಟುಕೊಳ್ಳಿ.

• ಬಾರ್‌ಕೋಡ್ ಅಂಕಿ ನೋಡಿ ಹೆದರಿ, ವೈದ್ಯರು ಬರೆದ ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ.

ದೇಶದ ವಸ್ತುವನ್ನೇ ಕೊಳ್ಳಬೇಕು ಎನ್ನುವುದು ನಿಮ್ಮ ಆಯ್ಕೆ, ಅದರಲ್ಲಿ ತಪ್ಪೇನಿಲ್ಲ. ಆದರೆ 890 ನೋಡಿ ಕೊಂಡರೆ ಆ ಆಸೆ ಈಡೇರುವ ಖಾತರಿ ಇಲ್ಲ. ಮುಂದಿನ ಸಲ ಈ ಮೆಸೇಜ್ ಬಂದಾಗ ಕಳುಹಿಸಿದವರ ಮೇಲೆ ಸಿಟ್ಟಾಗಬೇಡಿ, ಅವರ ಉದ್ದೇಶ ಒಳ್ಳೆಯದೇ ಇರುತ್ತದೆ. "ಒಂದು ಕನ್ನಡ ಪುಸ್ತಕದ ಹಿಂಬದಿ ನೋಡಿ" ಎಂದಷ್ಟೇ ಉತ್ತರ ಕಳುಹಿಸಿ. ಉಳಿದದ್ದನ್ನು 978 ಹೇಳುತ್ತದೆ.