ನೆಂಟರು ಬಂದರು, ನಾಯಿ ಹಾರಿತು

ಊರಿನ ಮನೆಯಲ್ಲಾದರೆ ನೆಂಟರು ಅಂಗಳ ದಾಟಿ ಜಗಲಿ ಹತ್ತುವಷ್ಟರಲ್ಲಿ ನಾಯಿಯ ಗದ್ದಲ ಮುಗಿದಿರುತ್ತದೆ. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಬಾಗಿಲು ತೆರೆದರೆ ನಾಯಿ ನೇರ ಎದೆಯ ಮೇಲೆ! ಅಜ್ಜಿ ಯಾರಾದರೂ ಬಿದ್ದರೆ ಸೊಂಟ ಮುರಿದೀತು. ಆಮೇಲೆ ನಾಯಿಗೆ ಬಾಲ್ಕನಿಯ ಸರಪಳಿಯೇ ಗತಿ.

ನಾಯಿ ಹಾರುವುದು ಕೊಬ್ಬಿನಿಂದಲ್ಲ. ಮರಿಗಳು ತಾಯಿಯ ಬಾಯಿ ನೆಕ್ಕಿ ಸ್ವಾಗತಿಸುತ್ತವೆ. ನಮ್ಮ ಮುಖ ಎತ್ತರದಲ್ಲಿದೆ, ಅಷ್ಟೆ. ಕೂಗಿದರೆ ಅದರ ಉದ್ವೇಗ ಏರುತ್ತದೆ, ತಳ್ಳಿದರೆ ಆಟ ಅಂದುಕೊಳ್ಳುತ್ತದೆ.

1904ರಲ್ಲಿ ನೊಬೆಲ್ ಪಡೆದ ಪಾವ್ಲೊವ್ ತೋರಿಸಿದ ಹಾಗೆ, ಊಟದ ಸೂಚನೆ ಸಿಕ್ಕರೇ ಸಾಕು, ನಾಯಿಗೆ ಜೊಲ್ಲು. ನಮ್ಮ ನಾಯಿಗೆ ಕರೆಗಂಟೆಯೆಂದರೆ ನೆಂಟರು. ಈ ಅರ್ಥವನ್ನೇ ಬದಲಿಸಬೇಕು. ನೆಂಟರಿಲ್ಲದಾಗ ತಮ್ಮನಿಂದ ಗಂಟೆ ಬಾರಿಸಿ, ನಾಯಿಯನ್ನು ಚಾಪೆಗೆ ಕರೆದು, ಕೂತ ಕೂಡಲೇ ಚಪಾತಿ ಚೂರು ಕೊಡುತ್ತೇನೆ. ದಿನಕ್ಕೆ ಐದು ನಿಮಿಷ ಸಾಕು. ನೆಂಟರು ಬಂದ ದಿನ ಕೊರಳಿಗೆ ಹಗ್ಗ. ನಾಲ್ಕೂ ಕಾಲು ನೆಲಕ್ಕೆ ಬರುವ ತನಕ ಯಾರೂ ಮಾತಾಡಿಸಬಾರದು.

ಮೊದಮೊದಲು ಹಾರಾಟ ಹೆಚ್ಚುವುದೂ ಉಂಟು. ಆಗ ಸೋತು ಮುದ್ದಿಸಿದಿರೋ, ಇನ್ನೂ ಜೋರಾಗಿ ಹಾರಬೇಕು ಅಂತ ಕಲಿತುಬಿಡುತ್ತದೆ. "ಹಾರಲಿ ಬಿಡಿ, ನನಗೆ ನಾಯಿ ಅಂದ್ರೆ ಇಷ್ಟ" ಅನ್ನುವ ನೆಂಟರಿಗೇ ಮೊದಲ ಪಾಠ ಆಗಬೇಕು, ಮಾರಾಯರೇ!