ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ, ಮನೆಗೆ ಆರೂವರೆ

ಹೈದರಾಬಾದ್ ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 455 ಕಿ.ಮೀ. ಟಿಕೆಟ್‌ನಲ್ಲಿ ಕಾಣುವ ಸಮಯ ಹೆಚ್ಚುಕಡಿಮೆ ಒಂದೂಕಾಲು ಗಂಟೆ. ರನ್‌ವೇವರೆಗೆ ತೆವಳುವುದು, ಸರದಿಗೆ ಕಾಯುವುದು, ಇಳಿದು ಗೇಟ್ ಸೇರುವುದು ಎಲ್ಲ ಅದರಲ್ಲೇ ಬಂತು. ಇಷ್ಟು ಹತ್ತಿರದ ಹಾದಿಯಲ್ಲಿ ವಿಮಾನ ಮೇಲೇರಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಸೂಚನೆ ಕೇಳಿಸುತ್ತದೆ.

ಆದರೆ ನಾನಿರುವುದು ಪಟಾನ್‌ಚೆರುವಿನಲ್ಲಿ, ಔಷಧ ಕಾರ್ಖಾನೆಯ ಕೆಲಸ. ಊರು ತುಮಕೂರು. ಪಟಾನ್‌ಚೆರು ನಗರದ ವಾಯವ್ಯ ಅಂಚು, ಶಂಷಾಬಾದ್ ದಕ್ಷಿಣದ ಅಂಚು. ಹೊರವರ್ತುಲ ರಸ್ತೆ ಹಿಡಿದರೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಆ ಕಡೆ ದೇವನಹಳ್ಳಿಯಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ತುಮಕೂರಿಗೆ ಮತ್ತೆ 75 ಕಿ.ಮೀ. ಆಸುಪಾಸು. ಬೇಗಂಪೇಟೆಯಿಂದ ಶಂಷಾಬಾದಿಗೆ, ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಎರಡೂ ನಗರಗಳು ನಿಲ್ದಾಣವನ್ನು ಊರಾಚೆ ಸಾಗಿಸಿದ್ದು ಒಂದೇ ವರ್ಷ, 2008ರಲ್ಲಿ. ಹಾರುವ ಹೊತ್ತು ಹಾಗೇ ಉಳಿಯಿತು, ಮನೆ ತಲುಪುವ ಹೊತ್ತು ಬೆಳೆಯಿತು.

ಈ ಲೆಕ್ಕ ನಿಜಕ್ಕೂ ಮುಖ್ಯವಾದದ್ದು ಒಂದು ರಾತ್ರಿ ಹತ್ತಕ್ಕೆ ಅಮ್ಮನ ಫೋನ್ ಬಂದಾಗ. ಅಪ್ಪನಿಗೆ ಎದೆನೋವು, ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದ್ದರು. "ವಿಮಾನದಲ್ಲಿ ಒಂದು ಗಂಟೆ ತಾನೇ, ಬಂದುಬಿಡೋ" ಎಂದಳು.

ಕಡೆಯ ವಿಮಾನ ಹಿಡಿಯುವಷ್ಟು ಹೊತ್ತಿರಲಿಲ್ಲ. ಕಾರಿನಲ್ಲಿ ಆಗಲೇ ಹೊರಟರೆ ಕರ್ನೂಲು, ಅನಂತಪುರ ದಾಟಿ ಬೆಳಿಗ್ಗೆ ಒಂಬತ್ತಕ್ಕೆ ತುಮಕೂರು. ಮುಂಜಾನೆಯ ಮೊದಲ ವಿಮಾನಕ್ಕೆ ಮೂರು ಗಂಟೆಗೆ ಮನೆ ಬಿಟ್ಟರೂ ತಲುಪುವುದು ಒಂಬತ್ತೂವರೆಗೇ! ರಾತ್ರಿಯ ಹೊತ್ತು 455 ಕಿ.ಮೀ. ಹಾರಿದರೂ ರಸ್ತೆಗಿಂತ ಮುಂದೆ ಹೋಗಲಾಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಅಂಥ ಮನಸ್ಸಿನಲ್ಲಿ ರಾತ್ರಿಯಿಡೀ ಸ್ಟೇರಿಂಗ್ ಹಿಡಿಯುವುದು ಬೇಡವೆಂದು ಹೆಂಡತಿ ಹಟ ಹಿಡಿದಳು. ವಿಮಾನವನ್ನೇ ಹಿಡಿದೆ. ಹಾರುವ ಮುನ್ನ ಮನೆಯಲ್ಲಿ ಸುಮ್ಮನೆ ಕೂತ ಆ ಐದು ಗಂಟೆ ಇದೆಯಲ್ಲ, ಅದನ್ನು ಯಾವ ಟಿಕೆಟ್ಟೂ ತೋರಿಸುವುದಿಲ್ಲ. ನಾನು ಹೋದಾಗ ಅಪ್ಪ ಎಚ್ಚರವಾಗಿದ್ದರು, "ತಿಂಡಿ ಆಯ್ತೇನೋ" ಎಂದು ಕೇಳಿದರು.

ನಮ್ಮ ಕಾರ್ಖಾನೆಯಲ್ಲೇ ಬೀದರಿನ ಗೆಳೆಯನೊಬ್ಬನಿದ್ದಾನೆ. ಬೆಂಗಳೂರಿನವರ ಮಾತಿನಲ್ಲಿ ಬೀದರ್ ಎಂದರೆ ರಾಜ್ಯದ ತುತ್ತತುದಿ. ಅವನಿಗೋ ಸಂಗಾರೆಡ್ಡಿ, ಜಹೀರಾಬಾದ್ ದಾಟಿದರೆ ಊರು, ಎರಡೂವರೆ ಗಂಟೆಯ ಬಸ್ಸು. ಹೊಟ್ಟೆಕಿಚ್ಚು ಅವನ ಮೇಲೆಯೇ ಹೊರತು ವಿಮಾನದಲ್ಲಿ ಓಡಾಡುವವರ ಮೇಲಲ್ಲ.

ಅಪ್ಪ ಈಗ ಆರಾಮ. ಅಮ್ಮನಿಗೆ ನಿಜವಾದ ಲೆಕ್ಕ ಹೇಳಿದ್ದೇನೆ: ಹಗಲಾದರೆ ಆರೂವರೆ ಗಂಟೆ, ರಾತ್ರಿಯಾದರೆ ಹನ್ನೊಂದು. ಅವಳ ಫೋನಿನಲ್ಲಿ ಮೊದಲ ನಂಬರ್ ಪಕ್ಕದ ಮನೆಯವರದು, ಎರಡನೆಯದು ತಿಪಟೂರಿನ ಸೋದರಮಾವನದು, ಮೂರನೆಯದು ನನ್ನದು.