ಎಸ್‌ಕ್ಯೂಲೈಟ್‌ನಲ್ಲಿ ಹಾಲಿನ ಲೆಕ್ಕ: ಕಡತದ ಜೋಪಾನ

ಹೈನುಗಾರ ಬಾಂಧವರಲ್ಲಿ ಹಾಲಿನ ಅಳತೆ, ಹಿಂಡಿಯ ಖರ್ಚು, ಕರು ಹಾಕಿದ ದಿನಾಂಕಗಳನ್ನು ಕಂಪ್ಯೂಟರಿನಲ್ಲಿ ಬರೆದಿಡಬಯಸುವವರಿಗೆ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ಬಲು ಅನುಕೂಲ. ಅಮೆರಿಕದ ರಿಚರ್ಡ್ ಹಿಪ್ ಅವರು ಇದನ್ನು 2000ರಲ್ಲಿ ಹೊರತಂದರು. ಬೇರೆ ಸರ್ವರ್ ಬೇಡ, ಶುಲ್ಕವಿಲ್ಲ. ಲೆಕ್ಕವೆಲ್ಲ ಒಂದೇ ಕಡತದಲ್ಲಿರುತ್ತದೆ.

ಈ ‘ಒಂದೇ ಕಡತ’ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ. 2010ರಲ್ಲಿ ಬಂದ ‘ವಾಲ್’ ಕ್ರಮವನ್ನು ಅನುಸರಿಸಿದಾಗ ಹೊಸ ನಮೂದುಗಳು ಮೊದಲು ಪಕ್ಕದ ‘-ವಾಲ್’ ಕಡತಕ್ಕೆ ಹೋಗಿ, ಅನಂತರ ಮೂಲ ಕಡತವನ್ನು ಸೇರುತ್ತವೆ. ಕಸವೆಂದು ಅದನ್ನು ಅಳಿಸಿದರೆ, ಅಥವಾ ಮೂಲ ಕಡತವನ್ನಷ್ಟೇ ಪೆನ್‌ಡ್ರೈವಿಗೆ ನಕಲು ಮಾಡಿದರೆ, ಬಟವಾಡೆಯ ಹೊತ್ತಿಗೆ ಈಚಿನ ಲೆಕ್ಕವೇ ಸಿಗದಿರಬಹುದು. ಆದ್ದರಿಂದ ‘ಎಸ್‌ಕ್ಯೂಲೈಟ್3’ ಪ್ರೋಗ್ರಾಂ ತೆರೆದು ‘.ಬ್ಯಾಕಪ್’ ಆಜ್ಞೆಯಿಂದಲೇ ನಕಲು ತೆಗೆಯಬೇಕು. ಪ್ರತಿ ಬಟವಾಡೆಯ ಮುನ್ನಾದಿನ ತೆಗೆದಿಡುವುದು ಒಳ್ಳೆಯದು.

‘ಡೇಟಾಬೇಸ್ ಈಸ್ ಲಾಕ್ಡ್’ ಎಂದು ಬಂದರೆ ಗಾಬರಿ ಬೇಡ. ಒಂದು ಸಲಕ್ಕೆ ಒಬ್ಬರಷ್ಟೇ ಬರೆಯಬಹುದಾದ್ದರಿಂದ, ಬೇರೊಂದು ಪ್ರೋಗ್ರಾಂ ಬರೆಯುತ್ತಿದೆಯೆಂದು ಅರ್ಥ. ಅದರ ಕೆಲಸ ಮುಗಿಸಿ ಮುಚ್ಚಬೇಕು. ‘ಬಿಜಿ ಟೈಮೌಟ್’ 5000 ಎಂದಿಟ್ಟರೆ 5 ಸೆಕೆಂಡಿನವರೆಗೆ ತಾನೇ ಕಾಯುತ್ತದೆ. ಕಡತವನ್ನು ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ಎರಡು ಕಂಪ್ಯೂಟರುಗಳಿಂದ ಬರೆಯುವುದು ಮಾತ್ರ ಸಲ್ಲದು. ಬೀಗ ಸರಿಯಾಗಿ ಬೀಳದೆ ಕಡತ ಕೆಡುವ ಸಂಭವವುಂಟು.

ಅನುಮಾನ ಬಂದಾಗ ‘ಪ್ರಾಗ್ಮಾ ಇಂಟಿಗ್ರಿಟಿ_ಚೆಕ್’ ಕೊಡಿ. ‘ಓಕೆ’ ಎಂದರೆ ಕಡತದ ಕಟ್ಟು ಸರಿಯಿದೆ. (8 ಲೀಟರನ್ನು 80 ಎಂದು ಬರೆದಿದ್ದರೆ ಅದನ್ನು ಈ ತಪಾಸಣೆ ಹಿಡಿಯದು!) ದೋಷಗಳ ಪಟ್ಟಿ ಬಂದರೆ ಎಲ್ಲ ಪ್ರೋಗ್ರಾಂಗಳನ್ನೂ ಮುಚ್ಚಿ, ಪಕ್ಕದ ಕಡತಗಳ ಸಮೇತ ನಕಲು ಮಾಡಿ, ಆ ನಕಲಿನ ಮೇಲೆ ‘.ರಿಕವರ್’ ಪ್ರಯೋಗಿಸಬೇಕು. ಎಲ್ಲ ಸಾಲುಗಳೂ ಮರಳುತ್ತವೆಂಬ ಭರವಸೆಯಿಲ್ಲ.